ಬಿಟ್ಟ ಸ್ಥಳ

"ನಲ್ಲಿಯವನಿಗೆ ತಾನೇ? ಹೇಳ್ತೀನಿ," ಎಂದು ಹೆಂಡತಿಯ ಮಾತನ್ನು ತಾನೇ ಮುಗಿಸಿ ಅವನು ಬೂಟಿನ ದಾರ ಬಿಗಿದ.

ಅವಳು "ರೀ, ಒಂದು ವಿಷಯ" ಎಂದಷ್ಟೇ ಅಂದಿದ್ದಳು. ಅಡುಗೆಮನೆಯ ನಲ್ಲಿ ಕೆಲವು ದಿನಗಳಿಂದ ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ಕೆಲಸಕ್ಕೆ ಹೊರಟವನಿಗೆ ಹೇಳುವ ವಿಷಯ ಅದಲ್ಲದೆ ಇನ್ನೇನಿದ್ದೀತು? ಬಾಗಿಲಿಗೆ ಒರಗಿ ನಿಂತಿದ್ದವಳು ತೆರೆದ ಬಾಯನ್ನು ಮುಚ್ಚಿದಳು. ಬಲಗೈಯನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು, ಚಳಿಯಾದವರ ಹಾಗೆ. ಚಳಿಯೇನೂ ಇರಲಿಲ್ಲ.

"ಹೂಂ, ಅದೇ," ಎಂದಳು.

ಇನ್ನೊಬ್ಬರ ವಾಕ್ಯವನ್ನು ದಡ ಮುಟ್ಟಿಸುವುದು ಅವನಿಗೆ ಹೊಟ್ಟೆಪಾಡಿನಿಂದ ಅಂಟಿದ ಚಟ. ಇಂಗ್ಲಿಷ್ ಬಲ್ಲವರಿಗೆ ಸ್ಪ್ಯಾನಿಷ್‌ನ ಮೊದಲ ಪಾಠ ಹೇಳಿಕೊಡುವವನು ಅವನು. ಕಲಿಯುವವರು ಮೂರನೇ ಪದಕ್ಕೆ ಎಡವುತ್ತಾರೆ, ಕಣ್ಣು ಮೇಲೆ ಮಾಡುತ್ತಾರೆ, ಮೇಷ್ಟ್ರು ನಾಲ್ಕನೇ ಪದ ಎತ್ತಿಕೊಡಬೇಕು. ವರ್ಷಗಟ್ಟಲೆ ಎತ್ತಿಕೊಟ್ಟೂ ಕೊಟ್ಟೂ, ಎಡವದವರಿಗೂ ಅವನು ಕೈ ಕೊಡುತ್ತಿದ್ದ. ಅಂಗಡಿಯವನು "ಚಿಲ್ಲರೆ..." ಎಂದರೆ "ಇಲ್ಲವಾ?" ಎನ್ನುತ್ತಿದ್ದ. ಚಿಲ್ಲರೆ ಇದ್ದ ಅಂಗಡಿಯವನು ಸುಮ್ಮನೆ ಮುಖ ನೋಡುತ್ತಿದ್ದ.

ಮೆಟ್ಟಿಲ ಮೇಲೆ ಪಕ್ಕದ ಮನೆಯ ನರ್ಸಮ್ಮ ಸಿಕ್ಕಳು. ನೌಕರಿಯಿಂದ ನಿವೃತ್ತಳಾಗಿದ್ದರೂ ಎದುರಿಗೆ ಸಿಕ್ಕವರ ಉಗುರು, ಕಣ್ಣಿನ ಕೆಳರೆಪ್ಪೆ ನೋಡುವ ಅಭ್ಯಾಸ ಹೋಗಿರಲಿಲ್ಲ. ತನ್ನ ಬಾಗಿಲಿಗೆ ಬೀಗ ಹಾಕುತ್ತಾ, ಹಿಂತಿರುಗಿ ಕೂಡ ನೋಡದೆ ಹೇಳಿದಳು:

"ನಿಮ್ಮಿಬ್ಬರನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಮೇಷ್ಟ್ರೇ. ನಮ್ಮವರು ಇದ್ದಷ್ಟು ದಿನ ನನ್ನ ಜೊತೆ ಆಡಿದ ಮಾತನ್ನ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಡಬಹುದಿತ್ತು. ನೀವಿಬ್ರೂ ದಿನಾ ಮಧ್ಯಾಹ್ನ ಕೂತ್ಕೊಂಡು ಅದೇನು ಮಾತಾಡ್ತೀರಿ ಅಂತೀನಿ."

"ಮಧ್ಯಾಹ್ನ?"

"ನಾನು ಮಲಗೋ ಗೋಡೆ ನಿಮ್ಮ ಕೋಣೆಗೆ ಅಂಟಿಕೊಂಡಿರೋದಲ್ವೇ? ಹೆದರ್ಕೋಬೇಡಿ, ಮಾತು ತಿಳಿಯಲ್ಲ, ದನಿ ಮಾತ್ರ. ನೀವು ಮೆತ್ತಗೆ ಏನೋ ಕೇಳ್ತೀರಿ, ಅವರು ಹೇಳ್ತಾರೆ. ಮತ್ತೆ ಕೇಳ್ತೀರಿ, ಮತ್ತೆ ಹೇಳ್ತಾರೆ. ಮೊನ್ನೆ ನಕ್ಕರು ನೋಡಿ. ಆಯಮ್ಮ ನಗ್ತಾರೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ."

ಮಧ್ಯಾಹ್ನದ ಹೊತ್ತು ಮನೆಗೆ ಹೋಗಿ ಅವನಿಗೆ ಎಷ್ಟೋ ಕಾಲವಾಗಿತ್ತು. ಊಟದ ಡಬ್ಬಿ ಈಗಲೂ ಕೈಚೀಲದಲ್ಲಿ ಬೆಚ್ಚಗೆ ಮೊಣಕಾಲಿಗೆ ತಾಗುತ್ತಿತ್ತು.

"ಹೌದು, ಬಿಡುವಾದಾಗ ಬಂದುಹೋಗ್ತೀನಿ," ಎಂದ.

ಎಂಥ ಸಲೀಸಾದ ಸುಳ್ಳು. 

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ಆ ಗಂಡಸನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಲು ನೋಡಿದ. ಎತ್ತರವೋ, ಗಿಡ್ಡವೋ? ತನಗಿಂತ ಚಿಕ್ಕವನೋ? ಮೆತ್ತಗೆ ಕೇಳುವವನು. ಏನನ್ನು ಕೇಳುತ್ತಾನೆ? ಹೆಂಡತಿಯ ಹತ್ತಿರ ಕೇಳುವಂಥದ್ದು ಏನಿದೆ? ತಾನು ಕಳೆದ ವಾರ ಅವಳನ್ನು ಕೇಳಿದ ಪ್ರಶ್ನೆಗಳನ್ನು ನೆನಪು ಮಾಡಿಕೊಂಡ. ಕನ್ನಡಕ ಎಲ್ಲಿ? ಫೋನ್ ಯಾರದ್ದು? ಬಾಗಿಲು ಹಾಕಿದೆಯಾ? ಮೂರಕ್ಕೂ ಉತ್ತರ ಬರುವ ಮೊದಲೇ ಕನ್ನಡಕ ಸಿಕ್ಕಿತ್ತು, ಫೋನ್ ನಿಂತಿತ್ತು, ಬಾಗಿಲನ್ನು ಅವನೇ ಹೋಗಿ ನೋಡಿ ಬಂದಿದ್ದ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಒಂದು ಬಗೆಯ ಅಚ್ಚರಿ. ಅವಳ ಹತ್ತಿರ ದಿನಾ ಮಾತಾಡುವಷ್ಟು ಮಾತಿದೆಯೇ? ಇದ್ದರೆ ಅದನ್ನು ಎಲ್ಲಿ ಇಟ್ಟಿದ್ದಳು?

ಕಚೇರಿ ಮೂರನೇ ಮಹಡಿಯಲ್ಲಿ. ಕೆಳಗೆ ಹಲ್ಲಿನ ವೈದ್ಯರು, ಅದರ ಮೇಲೆ ಪ್ರವಾಸದ ಏಜೆಂಟರು, ತುದಿಯಲ್ಲಿ ಇವರ ಭಾಷಾ ಪಾಠದ ಸಂಸ್ಥೆ. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಜನರ ಫೋನಿನಲ್ಲಿ. ಹೊದಿಕೆ ಬದಲಾಗುತ್ತ ಬಂದರೂ ಒಳಗಿನ ದನಿ ಅದೇ. ಮೂವತ್ತು ತುಂಬುವ ಮುಂಚೆ ಅವನು ಓದಿದ ದನಿ. "ಮೇಜು ಹೆಣ್ಣು, ಪುಸ್ತಕ ಗಂಡು, ಯಾಕೆಂದು ಕೇಳಬೇಡಿ" ಎಂದು ಇಂಗ್ಲಿಷಿನಲ್ಲಿ ನಗುತ್ತಾ ಹೇಳುವ ದನಿ. 'ಇರು' ಎಂಬ ಒಂದು ಮಾತಿಗೆ ಆ ಭಾಷೆಯಲ್ಲಿ ಎರಡು ಕ್ರಿಯಾಪದ. ಸದಾ ಇರುವುದಕ್ಕೆ ಒಂದು, ಸದ್ಯಕ್ಕೆ ಇರುವುದಕ್ಕೆ ಇನ್ನೊಂದು ಎಂದು ಸುಳ್ಳನ್ನೂ ನಿಜವನ್ನೂ ಬೆರೆಸಿ ಸಮಾಧಾನ ಮಾಡುವ ದನಿ. ಸಾವಿರಾರು ಜನ ಆ ದನಿಯ ಹಿಂದೆ ಹೋಗಿ ನಿಲ್ದಾಣದ ದಾರಿ ಕೇಳುವುದನ್ನು ಕಲಿತಿದ್ದರು. ಅವನು ಆ ನಿಲ್ದಾಣಗಳಲ್ಲಿ ಒಂದನ್ನೂ ಕಂಡವನಲ್ಲ. ಆ ಭಾಷೆಯವರು ಯಾರೂ ಅವನನ್ನು ಇದುವರೆಗೆ ಏನನ್ನೂ ಕೇಳಿರಲಿಲ್ಲ.

ಧ್ವನಿಕೋಣೆಯಲ್ಲಿ ಕತ್ತರಿ ಆಗಲೇ ಕೂತಿದ್ದ. ದನಿ ಕತ್ತರಿಸುವುದು ಅವನ ಕೆಲಸ, ಅದರಿಂದಲೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರಿಗೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇವತ್ತಿನ ಕೆಲಸ ಇಬ್ಬರೂ ಒಪ್ಪಿಕೊಂಡದ್ದು. ಮೇಡಂ, ಅಂದರೆ ಸಂಸ್ಥೆ ನಡೆಸುವಾಕೆ, ಹಿಂದಿನ ವಾರ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದಳು: ಜನ ಪಾಠವನ್ನು ಎಲ್ಲಿ ಬಿಟ್ಟು ಏಳುತ್ತಾರೆ ಎನ್ನುವುದು ಈಗ ನಮಗೆ ಕಾಣುತ್ತದೆ, ಪ್ರಶ್ನೆ ಕೇಳಿ ಉತ್ತರಕ್ಕೆ ಅಂತ ಜಾಗ ಬಿಡುತ್ತೇವಲ್ಲ, ಆ ಮೌನದಲ್ಲೇ ಏಳುತ್ತಾರೆ. ಕಾಯುವ ವ್ಯವಧಾನ ಯಾರಿಗೂ ಇಲ್ಲ. ಮೌನ ತೆಗೆದುಬಿಡಿ. ಪ್ರಶ್ನೆಯ ಬೆನ್ನಿಗೇ ಉತ್ತರವನ್ನೂ ನಾವೇ ಕೊಟ್ಟರೆ ಆಯಿತು.

ಸರಿ ಎಂದು ಮೊದಲು ತಲೆಯಾಡಿಸಿದವನು ಅವನೇ.

ಕತ್ತರಿ ಪರದೆಯ ಮೇಲೆ ಪಾಠವನ್ನು ಹರಡಿದ. ಮಾತು ಇದ್ದಲ್ಲಿ ಗುಡ್ಡ, ಇಲ್ಲದಲ್ಲಿ ಬಯಲು. ಬಯಲಿನ ಆ ತುದಿ ಈ ತುದಿ ಗುರುತು ಮಾಡಿ ಒತ್ತಿದರೆ ಎರಡು ಗುಡ್ಡ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಕೋಮೊ ಎಸ್ತಾ ಉಸ್ತೆದ್, ಹೇಗಿದ್ದೀರಿ ನೀವು? ಚೆನ್ನಾಗಿದ್ದೇನೆ. ಮುಯ್ ಬಿಯೆನ್, ತುಂಬ ಚೆನ್ನ.

"ಮೇಷ್ಟ್ರೇ, ಇದು ಬರೀ ಖಾಲಿ ಅಲ್ಲ," ಎಂದ ಕತ್ತರಿ, ಕಿವಿಯ ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತಾ. "ಉಸಿರಿದೆ. ಕುರ್ಚಿ ಕಿರುಗುಟ್ಟಿದೆ. ಇಲ್ಲೊಂದು ಕಡೆ 'ಹೂಂ' ಅಂದಿದೀರಿ. ಯಾರಿಗೆ ಕಾಯ್ತಿದ್ರಿ, ಬಸ್ಸಿಗಾ?"

ಅವನಿಗೆ ನೆನಪಾಯಿತು. ಆಗಿನ ಧ್ವನಿಮುದ್ರಣದ ಮುದುಕ ಹಟಮಾರಿ. ಮೌನವನ್ನು ಯಂತ್ರದಿಂದ ಅಂಟಿಸಲು ಒಪ್ಪುತ್ತಿರಲಿಲ್ಲ. ಖಾಲಿ ಟೇಪು ಹಾಕಿದರೆ ಕೇಳುವವರಿಗೆ ಬಾಗಿಲು ಮುಚ್ಚಿದ ಹಾಗಾಗುತ್ತದೆ, ಮೈಕಿನ ಮುಂದೆ ನಿಜವಾಗಿ ಕಾಯಿ ಎನ್ನುತ್ತಿದ್ದ. ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೋ, ಅವರು ಹೇಳಿ ಮುಗಿಸುವ ತನಕ ಬಾಯಿ ತೆಗೆಯಬೇಡ. ಅವನಿಗೆ ಆಗಷ್ಟೇ ಮದುವೆಯಾಗಿತ್ತು. ಎದುರಿನ ಖಾಲಿ ಕುರ್ಚಿಯಲ್ಲಿ ಯಾರನ್ನು ಕೂರಿಸಿಕೊಂಡಿದ್ದನೆಂದು ಮುದುಕ ಕೇಳಲಿಲ್ಲ, ಅವನು ಹೇಳಲೂ ಇಲ್ಲ.

"ತೆಗಿ," ಎಂದ ಕತ್ತರಿಗೆ. "ಹೂಂ ಕೂಡ ತೆಗಿ."

ಊಟದ ಹೊತ್ತಿಗೆ ಎಲ್ಲ ಪಾಠವೂ ಒತ್ತೊತ್ತಾಗಿ ಕೂತಿತ್ತು. ಸಂಜೆಯೊಳಗೆ ಮೇಷ್ಟ್ರು ಹೂಂ ಅಂದರೆ ಜನರಿಗೆ ಬಿಟ್ಟುಬಿಡುವುದು. ಬಿಟ್ಟ ಮೇಲೆ ಎಲ್ಲರ ಫೋನಿನಲ್ಲೂ ಹಳೆಯದು ತಾನಾಗಿ ಅಳಿದು ಹೊಸದು ಕೂರುತ್ತದೆ, ಮತ್ತೆ ವಾಪಸು ಬಾ ಅಂದರೆ ಬರುವುದಿಲ್ಲ ಎಂದು ಕತ್ತರಿ ವಿವರಿಸಿದ. ಅವನಿಗೆ ಅರ್ಧವೂ ಕೇಳಿಸಲಿಲ್ಲ. ಮಧ್ಯಾಹ್ನವಾಗಿತ್ತು. ಆ ಗಂಡಸು ಈಗ ಬಂದಿರುತ್ತಾನೆ.

ಒಮ್ಮೆ ಕೇಳಿಬಿಡೋಣ ಎಂದು ಕತ್ತರಿ ಕರೆದರೂ, ತಲೆನೋವು ಎಂದು ಹೇಳಿ ಎದ್ದ.

"ಫೋನ್ ಮಾಡ್ತೀನಿ," ಎಂದ ಕತ್ತರಿ. "ಒಂದು ಹೂಂ ಅಂದ್ರೆ ಸಾಕು. ಹೇಗಿದ್ರೂ ನಿಮ್ಮ ಹಳೇ ಹೂಂ ತೆಗೆದಿದೀನಿ, ಹೊಸದೊಂದು ಬೇಕು."

ಮಧ್ಯಾಹ್ನದ ಮೆಟ್ಟಿಲಿನ ಗುರುತೇ ಅವನಿಗಿರಲಿಲ್ಲ. ಬೆಳಗ್ಗೆ ಕತ್ತಲಾಗಿರುತ್ತಿದ್ದ ತಿರುವಿನಲ್ಲಿ ಈಗ ಬಿಸಿಲಿನ ತುಂಡೊಂದು ಬಿದ್ದು, ಗೋಡೆಯ ಸುಣ್ಣದ ಬಿರುಕು ಎದ್ದು ಕಾಣುತ್ತಿತ್ತು. ಕಳ್ಳನ ಹಾಗೆ ತುದಿಗಾಲಲ್ಲಿ ಹತ್ತಿದ. ತನ್ನ ಮನೆಗೆ ತಾನೇ ಕಳ್ಳ. ಬೀಗದ ಕೈ ಜೇಬಿನಲ್ಲಿತ್ತು. ಅದನ್ನು ಬೆರಳುಗಳ ನಡುವೆ ಸದ್ದಾಗದಂತೆ ಹಿಡಿದುಕೊಂಡ.

ಬಾಗಿಲಿಗೆ ಕಿವಿ ಕೊಡುವ ಅಗತ್ಯವೂ ಬೀಳಲಿಲ್ಲ. ಗಂಡಸಿನ ದನಿ ಮೆಟ್ಟಿಲಿನ ತನಕ ಬರುತ್ತಿತ್ತು.

ಮೆತ್ತಗಿನ ದನಿ. ಅವಸರವಿಲ್ಲದ, ಚಿಕ್ಕ ವಯಸ್ಸಿನ, ಕೊನೆಯಲ್ಲಿ ಒಂಚೂರು ನಗು ಉಳಿಸಿಕೊಂಡ ದನಿ. ಇಂಥವನು ಕೇಳಿದರೆ ಯಾರಾದರೂ ಹೇಳುತ್ತಾರೆ ಎಂದು ಅವನಿಗೆ ಒಂದು ಕ್ಷಣ ನಿಜವಾಗಿ ಅನ್ನಿಸಿತು.

"ಕೆ ಕಿಯೆರೆ ಕೊಮೆರ್?"

ಏನು ತಿನ್ನುತ್ತೀರಿ ನೀವು?

ಬೀಗದ ಕೈ ಅವನ ಬೆರಳಿನಿಂದ ಜಾರಿ ಅಂಗೈಗೆ ಬಿತ್ತು. ಅದು ಅವನದೇ ದನಿ. ಎಂಟನೇ ಪಾಠ. ಹೋಟೆಲಿನಲ್ಲಿ.

ಒಳಗೆ ಅವನು ಕಾದ. ಕುರ್ಚಿ ಕಿರುಗುಟ್ಟಿತು.

"ಯಾರಾದ್ರೂ ಮಾಡಿ ಬಡಿಸಿದ್ರೆ ಏನಾದ್ರೂ ಆದೀತು," ಎಂದಳು ಅವನ ಹೆಂಡತಿ. ಕನ್ನಡದಲ್ಲೇ. "ನಾ ಮಾಡಿದ್ದನ್ನ ನಾನೇ ತಿಂದು ತಿಂದು ನಾಲಿಗೆ ಮರಗಟ್ಟಿದೆ. ನೀವೇನು ತಿಂತೀರಿ, ಹೇಳಿ. ಬರೀ ಕೇಳೋದೇ ಆಯ್ತು ನಿಮ್ದು."

ನಕ್ಕಳು. ನರ್ಸಮ್ಮ ಸುಳ್ಳು ಹೇಳಿರಲಿಲ್ಲ.

"ಮುಯ್ ಬಿಯೆನ್," ಎಂದ ಒಳಗಿದ್ದವನು.

ಬಾಗಿಲಾಚೆ ನಿಂತವನಿಗೆ ಮೊದಲು ಹಗುರವಾಯಿತು. ಹಗುರವಾದ ಬೆನ್ನಿಗೇ ನಾಚಿಕೆ. ಆಮೇಲೆ ಎರಡನ್ನೂ ತಳ್ಳಿಕೊಂಡು ಹೊಟ್ಟೆಕಿಚ್ಚು ಬಂತು. ಬೇರೆ ಗಂಡಸಾಗಿದ್ದರೆ ಒಳಗೆ ನುಗ್ಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಇವನನ್ನು ಎಲ್ಲಿ ಹಿಡಿಯುವುದು?

ಈ ಪಾಠವನ್ನು ಮದುವೆಯ ಹೊಸತರಲ್ಲಿ ಅವಳಿಗೆ ಕಲಿಸಲು ಅವನೇ ಹೊರಟಿದ್ದ. ಅವಳು ಉತ್ಸಾಹದಿಂದ ಕೂತಿದ್ದಳು. ಆ ಭಾಷೆಯ 'ರ್ರ' ಅವಳ ನಾಲಿಗೆಗೆ ಹೊರಳಲಿಲ್ಲ; ಅವನು ನಕ್ಕ, ತಿದ್ದಿದ, ಮತ್ತೆ ತಿದ್ದಿದ. ಒಂದು ದಿನ ಅಡುಗೆಮನೆ ಕೆಲಸ ಇದೆ ಎಂದು ಎದ್ದು ಹೋದವಳು ಮತ್ತೆ ಬರಲಿಲ್ಲ. ಪಾಠಗಳು ಫೋನಿಗೆ ಬಂದಾಗ, ಸರಿಯಾಗಿ ಬರುತ್ತವೋ ಇಲ್ಲವೋ ನೋಡಲು ಅವಳ ಫೋನಿಗೂ ಹಾಕಿ ಅವನು ಮರೆತಿದ್ದ. ಅವಳು ಮರೆತಿರಲಿಲ್ಲ.

ಮತ್ತೊಂದು ವಿಷಯ ಈಗ ತಲೆಗೆ ಬಂತು. ಪಾಠದವನು ಅವಳನ್ನು ನೀವು ಎನ್ನುತ್ತಿದ್ದ. ಹೊಸಬರೊಡನೆ ಗೌರವದ ರೂಪವನ್ನೇ ಬಳಸಬೇಕೆಂಬುದು ಮೊದಲ ಪಾಠದ ನಿಯಮ. ಗಂಡನಾಗಿ ಅವನು ಅವಳನ್ನು ನೀವು ಎಂದವನಲ್ಲ. ಅವಳು ಎಂದೂ ಅವನಿಗೆ ಹೊಸಬಳಾಗಿ ಕಂಡಿರಲಿಲ್ಲ.

ಒಳಗೆ ಬೇರೆ ಪಾಠ ತೊಡಗಿತು. ಅವಳು ಸಾಲಾಗಿ ಕೇಳುತ್ತಿರಲಿಲ್ಲ, ಬೇಕಾದ್ದನ್ನು ಆರಿಸಿಕೊಳ್ಳುತ್ತಿದ್ದಳು. ವೈದ್ಯರ ಬಳಿ. ತಲೆ, ಕೈ, ಕಾಲು, ಬೆನ್ನು, ಯಾವುದು ಗಂಡು ಯಾವುದು ಹೆಣ್ಣು. ಕೈ ಮಾತ್ರ ಗಂಡಿನ ವೇಷ ಹಾಕಿದ ಹೆಣ್ಣು, ಇಂಗ್ಲಿಷಿನವರು ಇಲ್ಲಿ ಬೀಳುತ್ತಾರೆ, ನೋಡಿಕೊಳ್ಳಿ. ಆಮೇಲೆ ದನಿ ಇನ್ನಷ್ಟು ತಗ್ಗಿತು. ಅದು ವೈದ್ಯನ ದನಿ, ಅವನೇ ಮಾಡಿದ ಅಭಿನಯ.

"ದೋಂದೆ ಲೆ ದುಯೆಲೆ?"

ಎಲ್ಲಿ ನೋಯುತ್ತದೆ ನಿಮಗೆ?

ಮೌನ. ಈ ಮೌನ ಉದ್ದವಾದದ್ದು. ಕಷ್ಟದ ವಾಕ್ಯ, ಹೆಚ್ಚು ಹೊತ್ತು ಕಾಯಿ ಎಂದಿದ್ದ ಮುದುಕ.

"ನೋಯಲ್ಲ," ಎಂದಳು. "ನಿನ್ನೇನೂ ಅದನ್ನೇ ಹೇಳಿದೆ ನಿಮಗೆ. ನೋಯಲ್ಲ. ಗಂಟಿದೆ. ಎಡಗಡೆ, ಎದೇಲಿ, ಕಂಕುಳ ಹತ್ತಿರ."

"ಹೂಂ," ಎಂದ ಒಳಗಿದ್ದವನು.

"ಕಡಲೆಕಾಳಿನಷ್ಟಿತ್ತು. ಈಗ ದೊಡ್ಡದಾಗಿದೆ. ಒತ್ತಿದ್ರೆ ಜರುಗಲ್ಲ."

"ದೆಸ್ದೆ ಕ್ವಾಂದೊ?" ಎಂದಿನಿಂದ?

"ಬೇಸಿಗೆಯಿಂದ. ಅವರಿಗೆ ಹೇಳೋಣ ಅಂತ ದಿನಾ ಬೆಳಗ್ಗೆ ಬಾಗಿಲ ತನಕ ಹೋಗ್ತೀನಿ." ಸ್ವಲ್ಪ ತಡೆದು, ಜಗಳವಿಲ್ಲದ ದನಿಯಲ್ಲಿ, ಯಾರದೋ ಮನೆಯ ಸುದ್ದಿ ಎನ್ನುವಂತೆ ಸೇರಿಸಿದಳು: "ನಾನು ಬಾಯಿ ತೆಗೆದ್ರೆ ಅವರಿಗೆ ನಲ್ಲಿ ಕಾಣುತ್ತೆ."

"ಮುಯ್ ಬಿಯೆನ್," ಎಂದಿತು ಅವನ ದನಿ. ತುಂಬ ಚೆನ್ನ. ಈಗ ಇನ್ನೊಮ್ಮೆ ಹೇಳಿ.

ಅವನು ಕೆಳಗೆ ಇಳಿದದ್ದು ಅವನಿಗೆ ತಿಳಿಯಲಿಲ್ಲ. ತಿರುವಿನ ಬಿಸಿಲಿನಲ್ಲಿ, ಬಿರುಕಿನ ಎದುರು, ಕೈಚೀಲವನ್ನು ಎದೆಗವುಚಿಕೊಂಡು ನಿಂತಿದ್ದ. ಡಬ್ಬಿ ಈಗ ತಣ್ಣಗಿತ್ತು. ನರ್ಸಮ್ಮ ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತಾ ಹತ್ತಿ ಬಂದವಳು ಅವನ ಮುಖ ನೋಡಿ ನಿಂತಳು.

"ಊಟ ಆಯ್ತಾ ಮೇಷ್ಟ್ರೇ? ಯಾಕೆ, ಮುಖ ಸುಣ್ಣ ಬಳಿದ ಹಾಗಿದೆ?"

ಬಾಯಿ ತೆಗೆದ. ಒಳಗಿದ್ದದ್ದು ಹೊರಗೆ ಬರುವಾಗ ಬೇರೆಯವರ ಬಟ್ಟೆ ತೊಟ್ಟು ಬಂತು. ಕಚೇರಿಯಲ್ಲಿ ಒಬ್ಬರು, ಅವರ ಮನೆಯವರಿಗೆ, ಎದೆಯಲ್ಲಿ ಗಂಟಂತೆ. ನೋವೇನೂ ಇಲ್ಲವಂತೆ, ಹಾಗಾಗಿ ತೊಂದರೆ ಇರಲಿಕ್ಕಿಲ್ಲ ಅಲ್ಲವೇ ಎಂದು ಕೇಳಿದ.

ನರ್ಸಮ್ಮ ಚೀಲವನ್ನು ಮೆಟ್ಟಿಲ ಮೇಲಿಟ್ಟಳು.

"ಜರುಗುತ್ತಾ?"

"ಇಲ್ಲವಂತೆ."

"ನೋವಿಲ್ಲ ಅಂತ ಸುಮ್ನೆ ಕೂತಿದಾರಾ? ಇವತ್ತೇ ಕರ್ಕೊಂಡು ಹೋಗು ಅನ್ನಿ. ನಾಳೆ ಅಲ್ಲ. ನನ್ನ ಹೆಸರು ಹೇಳಿ ಹೋದ್ರೆ ನಾ ಇದ್ದ ಆಸ್ಪತ್ರೇಲಿ ಸಂಜೇನೂ ನೋಡ್ತಾರೆ." ಮತ್ತೆ ಚೀಲ ಎತ್ತಿಕೊಳ್ಳುತ್ತಾ, "ಎಷ್ಟು ದಿನದಿಂದ?" ಎಂದಳು.

"ಬೇಸಿಗೆಯಿಂದ."

"ಅವನಿಗೇನು ಕಣ್ಣಿರಲಿಲ್ವಾ, ಆ ಗಂಡನಿಗೆ?"

ಅವನು ಚೀಲದ ಒಂದು ಹಿಡಿ ಹಿಡಿದು ಅವಳ ಬಾಗಿಲ ತನಕ ತಲುಪಿಸಿಕೊಟ್ಟ. ಬಹಳ ಒಳ್ಳೆಯವರು ನೀವು ಎಂದಳು.

ಕೆಳಗೆ ಬೀದಿಯ ತನಕ ಹೋಗಿ, ಬೂಟು ಸದ್ದು ಮಾಡುತ್ತಾ, ಕೆಮ್ಮುತ್ತಾ ಮತ್ತೆ ಹತ್ತಿ ಬಂದ. ಕೀಲಿ ಇದ್ದೂ ಗಂಟೆ ಒತ್ತಿದ. ಒಳಗೆ ದನಿ ಪಟ್ಟನೆ ನಿಂತಿತು. ಬಾಗಿಲು ತೆರೆದವಳ ಮುಖದಲ್ಲಿ ಈಗಷ್ಟೇ ಯಾರೋ ಎದ್ದು ಹೋದ ಕುರ್ಚಿಯ ಬಿಸುಪು ಇತ್ತು. ಅವನನ್ನು ಕಂಡು ಅದೂ ಆರಿತು.

"ಏನು, ಇಷ್ಟು ಬೇಗ?"

"ತಲೆನೋವು."

ನೀರು ತಂದುಕೊಟ್ಟಳು. ಮಾತ್ರೆ ತಂದಳು. ಲೋಟ ಚಾಚಿದ್ದು ಬಲಗೈ. ಎಡಗೈ ಮೈಗೆ ಅಂಟಿಕೊಂಡೇ ಇತ್ತು. ಇದು ಯಾವಾಗಿನಿಂದ ಹೀಗೆ? ಅವನು ಲೋಟದ ಅಂಚಿನ ಮೇಲಿನಿಂದ ನೋಡಿದ. ಡಬ್ಬಿ ತೆಗೆದು ನೋಡಿ, ಊಟವನ್ನೇ ಮಾಡಿಲ್ಲವಲ್ಲ ಎಂದಳು. ತಟ್ಟೆ ಹಾಕಲೇ ಎಂದಳು. ಬೇಡ ಎಂದ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ನೀನು ಹುಷಾರಾಗಿದೀಯಾ?"

ಕೇಳಿಯೇಬಿಟ್ಟ. ಅವಳು ಡಬ್ಬಿಯ ಮುಚ್ಚಳ ಹಿಡಿದುಕೊಂಡು ತಿರುಗಿದಳು. ಅವಳ ತುಟಿ ಅಲುಗಿತೇ?

"ಅಲ್ಲ, ಸ್ವಲ್ಪ ಸೊರಗಿದ ಹಾಗೆ ಕಾಣ್ತೀಯ, ಮಧ್ಯಾಹ್ನ ಮಲಗೋದಿಲ್ಲ ಅನ್ಸುತ್ತೆ, ಅದಕ್ಕೇ ಇರಬೇಕು," ಎಂದು ಅವನ ನಾಲಿಗೆ ಅವನನ್ನು ಕೇಳದೆ ಮುಂದೆ ಓಡಿತು.

"ನಂಗೇನು, ಗುಂಡುಕಲ್ಲಿನ ಹಾಗಿದೀನಿ," ಎಂದಳು. "ಮಲಗಲ್ಲ, ಹೌದು. ಅದಕ್ಕೇ ಇರಬೇಕು."

ಫೋನ್ ಬಡಿದುಕೊಂಡಿತು. ಕತ್ತರಿ. ಎಲ್ಲ ಸಿದ್ಧವಾಗಿದೆ, ಮೇಡಂ ಕೂಡ ಕೇಳಿ ಖುಷಿಪಟ್ಟರು, ಬಿಟ್ಟುಬಿಡಲೇ ಎಂದ.

"ಸ್ವಲ್ಪ ತಡಿ," ಎಂದ ಅವನು.

ಹೆಂಡತಿ ಅಲ್ಲೇ, ಕೈಗೆಟುಕುವಷ್ಟು ದೂರದಲ್ಲಿ, ಡಬ್ಬಿ ಒರೆಸುತ್ತಾ ನಿಂತಿದ್ದಳು.

"ಯಾಕೆ ಮೇಷ್ಟ್ರೇ, ತಪ್ಪಿದೆಯಾ?"

ಇಲ್ಲ, ತಪ್ಪಿಲ್ಲ. ಬಿಡಬೇಡ. ಅಲ್ಲಿ ಒಬ್ಬಳು ಕೂತು ಮಾತಾಡುತ್ತಾಳೆ, ಆ ಜಾಗ ಅವಳದು. ಹಾಗೆ ಹೇಳಬೇಕಿತ್ತು. ಹೇಳಿದರೆ, ತಾನು ಬಾಗಿಲಾಚೆ ನಿಂತದ್ದನ್ನೂ ಹೇಳಬೇಕು. ಆಮೇಲೆ ಅವಳ ಮುಖ ನೋಡಬೇಕು. ಇನ್ನೂ ತಳದಲ್ಲಿ, ತನಗೂ ತಿಳಿಯಬಾರದೆಂಬಂತೆ ಅಡಗಿ ಕೂತಿದ್ದ ಮತ್ತೊಂದು ಯೋಚನೆ ತಲೆಯೆತ್ತಿತು: ಆ ಮೆತ್ತಗಿನವನು ತೊಲಗಲಿ. ಅವನು ತೊಲಗಿದರೆ ಇವಳು ನನಗೇ ಹೇಳಬೇಕಾಗುತ್ತದೆ. ಬೇರೆ ದಾರಿ ಎಲ್ಲಿದೆ ಇವಳಿಗೆ?

ಉಸಿರಾಡಿದ. ಕುರ್ಚಿ ಕಿರುಗುಟ್ಟಿತು.

"ಹಲೋ? ಮೇಷ್ಟ್ರೇ?" ಕತ್ತರಿ ಎರಡು ಸಲ ಕೂಗಿದ. ಅವನಿಗೂ ಕೆಲಸ ಮುಗಿಸುವ ಅವಸರ. "ಸರಿ ಬಿಡಿ. ಮೌನಂ ಸಮ್ಮತಿ ಲಕ್ಷಣಂ ಅಂತ ತಗೋತೀನಿ." ಗೊಳ್ಳೆಂದು ನಕ್ಕು ಫೋನ್ ಇಟ್ಟ.

ಕೋಣೆಯೊಳಗೆ, ಹಾಸಿಗೆಯ ಮೇಲೆಲ್ಲೋ, ಅವಳ ಫೋನ್ ಟಿಂಗ್ ಎಂದಿತು. ಅವಳು ಅತ್ತ ನೋಡಿದಳು, ಹೋಗಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಉದ್ದವಾಗತೊಡಗಿತ್ತು. ಸಂಜೆಯೂ ನೋಡುತ್ತಾರೆ ಎಂದಿದ್ದಳು ನರ್ಸಮ್ಮ. ನಾಳೆ ಅಲ್ಲ. ಅವನು ಎದ್ದ, ಕೂತ. ಕನ್ನಡದಲ್ಲಿ ಒಂದು ಪದವೂ ಸಿಗಲಿಲ್ಲ. ಇದ್ದ ಪದಗಳೆಲ್ಲ ನಲ್ಲಿಗೆ, ಕನ್ನಡಕಕ್ಕೆ, ಬಾಗಿಲಿಗೆ ಸವೆದುಹೋಗಿದ್ದವು. ಕೊನೆಗೆ ಬಾಯಿಗೆ ಬಂದದ್ದು, ಯಾರೂ ತನ್ನನ್ನು ಕೇಳದ ಆ ಭಾಷೆ.

"ದೋಂದೆ ಲೆ ದುಯೆಲೆ?"

ದನಿ ಒಡೆದಿತ್ತು, ಅದಕ್ಕೆ ವಯಸ್ಸಾಗಿತ್ತು. ವೈದ್ಯನ ಮೆತ್ತಗಿನ ಇಳಿತ ಎಷ್ಟು ಹುಡುಕಿದರೂ ಸಿಗಲಿಲ್ಲ. ಆದರೆ ರೂಪ ಸರಿಯಾಗಿತ್ತು. ಎಲ್ಲಿ ನೋಯುತ್ತದೆ ನಿಮಗೆ?

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು.

ನಿಧಾನವಾಗಿ ಮುಖವೆತ್ತಿ ಅವನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕೆನ್ನೆಯ ಬಣ್ಣ ಇಳಿಯಿತು. ಅವನ ಬೂಟು, ಬಾಗಿಲು, ಮೇಜಿನ ಮೇಲೆ ತಣ್ಣಗಾದ ಡಬ್ಬಿ, ಮತ್ತೆ ಅವನ ಮುಖ. ಎಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಯಾರೋ ತನ್ನ ಬಟ್ಟೆ ಬದಲಿಸುವ ಕೋಣೆಗೆ ನುಗ್ಗಿದಂತೆ, ಸೆರಗನ್ನು ಎಳೆದು ಎಡಭುಜ ಮುಚ್ಚಿಕೊಂಡಳು.

ಅವನು ಕಾದ. ಮುದುಕ ಹೇಳಿಕೊಟ್ಟ ಹಾಗೆ, ಉಸಿರು ಹಿಡಿದು, ಬಾಯಿ ತೆಗೆಯದೆ ಕಾದ. ನಲ್ಲಿ ತೊಟ್ಟಿಕ್ಕಿತು. ಪಕ್ಕದ ಮನೆಯಲ್ಲಿ ನರ್ಸಮ್ಮ ಮಂಚದ ಮೇಲೆ ಹೊರಳಿದಳು. ಇಷ್ಟು ಉದ್ದದ ಮೌನವನ್ನು ಅವನು ಮೈಕಿನ ಮುಂದೆಯೂ ಕಾದಿರಲಿಲ್ಲ.

"ಮೆ ದುಯೆಲೆ ಲಾ ಕಬೇಸಾ," ಎಂದಳು ಅವಳು.

ತಲೆ ನೋಯುತ್ತದೆ. ಪಾಠದಲ್ಲಿ, ಮೌನದ ನಂತರ, ಸರಿಯುತ್ತರವೆಂದು ಕೊಟ್ಟಿದ್ದ ವಾಕ್ಯ. ಒಂದು ಅಕ್ಷರವೂ ಸೊಟ್ಟವಿರಲಿಲ್ಲ. ತಿದ್ದುವುದಕ್ಕೆ ಏನೂ ಉಳಿಸಿರಲಿಲ್ಲ ಅವಳು.

ಇಷ್ಟು ವರ್ಷ ಯಾರ್ಯಾರಿಗೋ ಅಂದಂತೆ, ಅವನ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಮುಯ್ ಬಿಯೆನ್."

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಟ್ಟೆಯನ್ನು ಮಡಿಸಿ ಅದರ ಪಕ್ಕಕ್ಕಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಗಲಿಲ್ಲ. ಅಷ್ಟು ಸಾಕಿತ್ತು ತಳ್ಳುವುದಕ್ಕೆ. ಅವನು ಹೋಗಿ ನಿಂತ. ಕೈಯೆತ್ತಿದ.

ಒಳಗೆ ಪಾಠದವನು ಶುರುಮಾಡಿದ.

ಎಲ್ಲಿ ನೋಯುತ್ತದೆ ತಲೆ ನೋಯುತ್ತದೆ ತುಂಬ ಚೆನ್ನ ಎಂದಿನಿಂದ ನಿನ್ನೆಯಿಂದ ತುಂಬ ಚೆನ್ನ. ಗುಡ್ಡಕ್ಕೆ ಗುಡ್ಡ ಬಂದು ಬಡಿಯುತ್ತಿತ್ತು. ನಡುವೆ ಉಸಿರಿಲ್ಲ, ಕುರ್ಚಿಯಿಲ್ಲ.

"ಇಲ್..." ಎಂದಳು ಅವಳು.

ಮುಯ್ ಬಿಯೆನ್ ಎಂದ ಅವನು.

ಪಾಠ ನಿಂತಿತು. ತಾನೇ ತಪ್ಪು ಒತ್ತಿದೆನೆಂದುಕೊಂಡಿರಬೇಕು, ಮತ್ತೆ ಮೊದಲಿನಿಂದ ಹಾಕಿದಳು.

"ಎಡ..." ಎಂದಳು, ಈ ಸಲ ಬೇಗಬೇಗ, ಓಡುವ ಬಸ್ಸಿಗೆ ಕಾಲಿಡುವವರ ಹಾಗೆ.

ಮುಯ್ ಬಿಯೆನ್.

ಬಾಗಿಲ ಹಲಗೆಗೆ ಒಂದು ಬೆರಳಷ್ಟು ದೂರದಲ್ಲಿ ಅವನ ಕೈ ಮಡಚಿಕೊಂಡೇ ನಿಂತಿತ್ತು. ಮತ್ತೆ ಮೊದಲಿನಿಂದ ಹಾಕಿದಳು.